ಗಂಧಕ, ನೀರು ಮತ್ತು ಡೀಸೆಲ್ ಎಂಜಿನ್: ಪಶ್ಚಿಮ ಆಫ್ರಿಕಾದ ಹೆದ್ದಾರಿಗಳಲ್ಲಿ ಇಂಧನದ ಗುಣಮಟ್ಟ

ಪರದೇಶಗಳಲ್ಲಿ ವಾಹನ ಓಡಿಸುವವರು ‘ಕೆಟ್ಟ ಡೀಸೆಲ್’ ಎಂದು ಒಟ್ಟಾರೆಯಾಗಿ ಕರೆಯುವ ದೋಷಕ್ಕೆ ವಾಸ್ತವದಲ್ಲಿ ಎರಡು ಮೂಲಗಳಿವೆ. ಸಂಸ್ಕರಣೆಯ ನಂತರವೂ ಉಳಿಯುವ ಗಂಧಕವು ಇಂಧನದ ಅಣುಗಳಲ್ಲೇ ಸೇರಿಕೊಂಡಿರುವುದರಿಂದ ಯಾವ ಫಿಲ್ಟರಿಗೂ ಸಿಕ್ಕುವುದಿಲ್ಲ. ಸಾಗಣೆ ಮತ್ತು ದಾಸ್ತಾನಿನ ಹಂತದಲ್ಲಿ ಬೆರೆಯುವ ನೀರು, ಧೂಳು, ತುಕ್ಕುಗಳನ್ನಾದರೋ ತಡೆದು ನಿಲ್ಲಿಸಬಹುದು. ಈ ಭೇದವನ್ನು ಕಡೆಗಣಿಸಿ, ಹೆಚ್ಚುವರಿ ಫಿಲ್ಟರ್ ಅಳವಡಿಸಿದರೆ ಸಾಕೆಂದು ಭಾವಿಸುವುದು ಸರಿಯಲ್ಲವೆಂಬುದಕ್ಕೆ ಪಶ್ಚಿಮ ಆಫ್ರಿಕಾ ಸ್ಪಷ್ಟ ನಿದರ್ಶನವಾಗಿದೆ.

ಯುರೋಪಿನ ಇಎನ್ 590 ಮಾನಕವು 2009ರಿಂದ ಡೀಸೆಲ್‌ನಲ್ಲಿನ ಗಂಧಕವನ್ನು 10 ಪಿಪಿಎಂಗೆ, ಎಂದರೆ ಹತ್ತು ಲಕ್ಷ ಭಾಗಗಳಲ್ಲಿ ಹತ್ತು ಭಾಗಕ್ಕೆ, ಸೀಮಿತಗೊಳಿಸಿದೆ. ಭಾರತವೂ 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನಕದ ಮೂಲಕ ಇದೇ ಮಿತಿಯನ್ನು ದೇಶದಾದ್ಯಂತ ಜಾರಿಗೆ ತಂದುದರಿಂದ, ಕರ್ನಾಟಕದಲ್ಲಿ ನೋಂದಣಿಯಾದ ಹೊಸ ಡೀಸೆಲ್ ಕಾರು ಹೊರದೇಶಕ್ಕೆ ಹೋದಾಗ ಯುರೋಪಿನ ಕಾರಿನಷ್ಟೇ ಸೂಕ್ಷ್ಮವಾಗಿರುತ್ತದೆ. ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಸಂಸ್ಥೆಯು 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಆಫ್ರಿಕಾದ ಪಂಪುಗಳಿಂದ ಸಂಗ್ರಹಿಸಿದ ಹಲವು ಮಾದರಿಗಳು ಈ ಮಿತಿಯ ನೂರಾರು ಪಟ್ಟು ಗಂಧಕವನ್ನು ಹೊಂದಿದ್ದುದು ಕಂಡುಬಂದಿತು. ಘಾನಾ ದೇಶವು 2017ರಲ್ಲಿ ಆಮದು ಡೀಸೆಲ್‌ನ ಮಿತಿಯನ್ನು 3,000 ಪಿಪಿಎಂನಿಂದ 50ಕ್ಕೆ ಇಳಿಸಿತಾದರೂ, ಆ 50 ಕೂಡ ಯುರೋಪಿನ ಮಿತಿಯ ಐದು ಪಟ್ಟು.

ಗಂಧಕ ಉರಿದು ಉಂಟಾಗುವ ಆಕ್ಸೈಡುಗಳು ನೀರಾವಿಯೊಡನೆ ಕೂಡಿ ಆಮ್ಲವಾಗುತ್ತವೆ. ಆ ಆಮ್ಲವನ್ನು ತಟಸ್ಥಗೊಳಿಸಲೆಂದೇ ಎಂಜಿನ್ ಆಯಿಲ್‌ನಲ್ಲಿ ಕ್ಷಾರೀಯ ಅಂಶಗಳನ್ನು ಸೇರಿಸಿರುತ್ತಾರೆ. ನಿಜವಾದ ಇಕ್ಕಟ್ಟು ಇರುವುದು ಇಲ್ಲಿಯೇ. ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಸಾಧನ ಬೂದಿಯಿಂದ ಕಟ್ಟಿಕೊಳ್ಳಬಾರದೆಂದು ಅಂಥ ವಾಹನಗಳಿಗೆ ಕಡಿಮೆ ಬೂದಿಯ ಆಯಿಲ್ ಹಾಕಬೇಕಾಗುತ್ತದೆ. ಬೂದಿ ಕಡಿಮೆಯಾದಷ್ಟೂ ಕ್ಷಾರದ ದಾಸ್ತಾನೂ ಸಾಮಾನ್ಯವಾಗಿ ಕಡಿಮೆ. ಹೀಗೆ ಡಿಪಿಎಫ್ ಅನ್ನು ಕಾಯುವ ಆಯಿಲ್, ಗಂಧಕ ಹೆಚ್ಚಿರುವ ಕಡೆ ಎಂಜಿನ್ನನ್ನು ಕಾಯುವುದರಲ್ಲಿ ಬೇಗ ಸೋಲುತ್ತದೆ. ಜೊತೆಗೆ, ನಿಷ್ಕಾಸದ ವೇಗವರ್ಧಕದಲ್ಲಿರುವ ಪ್ಲಾಟಿನಂ ಮೇಲೆ ಗಂಧಕದ ಸಂಯುಕ್ತಗಳು ಕುಳಿತು ಅದರ ಶಕ್ತಿಯನ್ನು ಕುಂದಿಸುತ್ತವೆ.

ನೀರಿನ ಹಾನಿ ಇನ್ನೊಂದು ಬಗೆಯದು. ಇಂದಿನ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಡೀಸೆಲ್ಲೇ ಪಂಪು ಮತ್ತು ಇಂಜೆಕ್ಟರುಗಳಿಗೆ ಜಾರುಎಣ್ಣೆಯೂ ಆಗಿದ್ದು, ಒತ್ತಡವು 2,000 ಬಾರ್‌ನಷ್ಟಿರುವುದರಿಂದ ಅಲ್ಪ ಪ್ರಮಾಣದ ನೀರೂ ಲೋಹವನ್ನು ಸವೆಸುತ್ತದೆ. ಟ್ಯಾಂಕಿನ ತಳದಲ್ಲಿ ನಿಂತ ನೀರಿನ ಮೇಲ್ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗಿ ಫಿಲ್ಟರನ್ನು ಕಟ್ಟಿಸುತ್ತವೆ. ಅಪರಿಚಿತ ಪಂಪಿನ ಡೀಸೆಲ್ ಅನ್ನು ಗಾಜಿನ ಸೀಸೆಯಲ್ಲಿ ಹಿಡಿದು ಅಲುಗದಂತೆ ಇಟ್ಟರೆ, ಬಿಡಿಯಾಗಿರುವ ನೀರು ತಳಕ್ಕಿಳಿದು ಗೆರೆ ಕೊರೆದಂತೆ ಪ್ರತ್ಯೇಕವಾಗುತ್ತದೆ. ಹಾಗೆ ಇಳಿಯದ ಮಬ್ಬು ಕೂಡ ನೀರಿನ ಸೂಚನೆಯಾಗಿರಬಹುದು. ಆದರೆ ಗಾಜಿನಷ್ಟು ತಿಳಿಯಾದ ಡೀಸೆಲ್‌ನಲ್ಲಿಯೂ ಗಂಧಕ ಹೇರಳವಾಗಿರಬಹುದಾದ್ದರಿಂದ, ಈ ಪರೀಕ್ಷೆ ಹೇಳುವುದು ದಾಸ್ತಾನಿನ ಕತೆಯನ್ನೇ ಹೊರತು ಸಂಸ್ಕರಣಾಗಾರದ್ದನ್ನಲ್ಲ.

ಆದ್ದರಿಂದ ಪರಿಹಾರಗಳನ್ನೂ ಎರಡಾಗಿ ವಿಂಗಡಿಸಬೇಕಾಗುತ್ತದೆ. ನೀರು ಮತ್ತು ಕಸಕ್ಕೆ ನೀರು ಬೇರ್ಪಡಿಸುವ ಫಿಲ್ಟರ್, ಬದಲಿ ಫಿಲ್ಟರುಗಳ ಸಂಗ್ರಹ ಹಾಗೂ ಮಾರಾಟ ಹೆಚ್ಚಿರುವ ಪಂಪುಗಳ ಆಯ್ಕೆ ಸಾಕಾಗುತ್ತದೆ. ಗಂಧಕಕ್ಕಾದರೋ ಆಯಿಲ್ ಬದಲಾವಣೆಯ ಅಂತರವನ್ನು ತಗ್ಗಿಸುವುದು ತಾತ್ಕಾಲಿಕ ಉಪಾಯ ಮಾತ್ರ. ದೀರ್ಘ ಪ್ರಯಾಣಕ್ಕೆ ಉಳಿಯುವ ದಾರಿ ವಾಹನದ ಆಯ್ಕೆಯೇ. ಟರ್ಬೊ, ಕಾಮನ್ ರೈಲ್, ಡಿಪಿಎಫ್ ಯಾವುದೂ ಇಲ್ಲದ 4.2 ಲೀಟರಿನ 1ಎಚ್‌ಜೆಡ್ ಎಂಜಿನ್ನಿನ ಟೊಯೊಟಾ ಲ್ಯಾಂಡ್ ಕ್ರೂಸರ್ ಆಫ್ರಿಕಾದ ಪರಿಹಾರ ಸಂಸ್ಥೆಗಳಲ್ಲಿ ದೀರ್ಘಕಾಲ ಬಳಕೆಯಲ್ಲಿ ಉಳಿದುದಕ್ಕೆ ಇದೂ ಒಂದು ಕಾರಣ. ಅದು ಹೊರಹಾಕುವ ಹೊಗೆಯನ್ನು ಮಾತ್ರ ದಾರಿಯ ಬದಿಯ ಊರುಗಳು ಉಸಿರಾಡಬೇಕಾಗುತ್ತದೆ. ಎಂಜಿನ್ನನ್ನೂ ಗಾಳಿಯನ್ನೂ ಒಟ್ಟಿಗೆ ಉಳಿಸುವ ಕ್ರಮವೆಂದರೆ ಘಾನಾ ಕೈಗೊಂಡಂತೆ ಇಂಧನದ ಮಾನಕವನ್ನೇ ಬಿಗಿಗೊಳಿಸುವುದು.