ಒಂದೇ ಕಥೆ, ನಾಲ್ಕು ಸುವಾರ್ತೆ

ಬೈಬಲ್ಲಿನ ಹೊಸ ಒಡಂಬಡಿಕೆ ತೆಗೆದರೆ ಶುರುವಿನಲ್ಲೇ ಒಂದು ವಿಚಿತ್ರ. ಯೇಸುವಿನ ಕಥೆ ನಾಲ್ಕು ಸಲ ಬರುತ್ತೆ: ಮತ್ತಾಯ, ಮಾರ್ಕ, ಲೂಕ, ಯೋಹಾನ. ನಾಲ್ಕೂ ಒಂದಕ್ಕೊಂದು ಪೂರ್ತಿ ಹೊಂದೋದಿಲ್ಲ. ಮತ್ತಾಯನಲ್ಲಿ ಮಗುವನ್ನು ನೋಡಲು ಬರುವವರು ಮೂಡಣ ದೇಶದ ಜೋಯಿಸರು, ಲೂಕನಲ್ಲಿ ಕುರಿ ಕಾಯುವವರು. ಮಾರ್ಕ, ಯೋಹಾನರಲ್ಲಿ ಹುಟ್ಟಿನ ಕಥೆಯೇ ಇಲ್ಲ. ದೇವಾಲಯದಿಂದ ವ್ಯಾಪಾರಿಗಳನ್ನು ಓಡಿಸಿದ ಪ್ರಸಂಗ ಯೋಹಾನನಲ್ಲಿ 2ನೇ ಅಧ್ಯಾಯಕ್ಕೇ ಬರುತ್ತೆ. ಉಳಿದ ಮೂವರಲ್ಲಿ ಅದು ಯೇಸುವಿನ ಸಾವಿಗೆ ಕೆಲವೇ ದಿನ ಮೊದಲು. ಹಾಗಾದರೆ ಯಾರದ್ದು ನಿಜ, ಯಾರದ್ದು ಸುಳ್ಳು?

ಉತ್ತರ ಹುಡುಕೋ ಮೊದಲು ಸ್ವಲ್ಪ ನಮ್ಮ ಮಳವಳ್ಳಿ ಕಡೆ ಬನ್ನಿ. ಈ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ಮುಖ್ಯ ಕ್ಷೇತ್ರ. ತಂಬೂರಿ ಹಿಡಿದು ನೀಲಗಾರರು ಹಾಡೋ ಮಂಟೇಸ್ವಾಮಿ ಕಾವ್ಯದಲ್ಲಿ ಕಲ್ಯಾಣವೂ ಇದೆ, ಬಸವಣ್ಣನೂ ಇದ್ದಾನೆ. 1369ರಲ್ಲಿ ಭೀಮಕವಿ ಬರೆದ ಬಸವಪುರಾಣದಲ್ಲೂ ಅದೇ ಕಲ್ಯಾಣ, ಅದೇ ಬಸವಣ್ಣ. ಆದರೆ ಭೀಮಕವಿಗೆ ಬಸವಣ್ಣನೇ ನಾಯಕ. ನೀಲಗಾರರ ಹಾಡಿನಲ್ಲಿ ಪರೀಕ್ಷೆ ನಡೆಯೋದೇ ಬಸವಣ್ಣನಿಗೆ! ಮಂಟೇಸ್ವಾಮಿ ಕೊಳಕು ವೇಷದಲ್ಲಿ ಬಂದು ಕಲ್ಯಾಣದ ತಿಪ್ಪೆ ಮೇಲೆ ಕೂರ್ತಾನೆ, ವೇಷಧಾರಿ ಜಂಗಮರನ್ನು ಬಯಲು ಮಾಡ್ತಾನೆ. ಮುಂದೆ ಕಥೆ ನಮ್ಮ ಹಲಗೂರಿಗೇ ಬರುತ್ತೆ, ಅಲ್ಲಿ ಸಿದ್ದಪ್ಪಾಜಿ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆ ಕೇಳ್ತಾನೆ. ಊರಿನ ಹೊರಗೆ ಇಡಲ್ಪಟ್ಟ ಜನಕ್ಕೆ ಕಲ್ಯಾಣ ತಿಪ್ಪೆಯ ಕಡೆಯಿಂದ ಕಂಡರೆ ಅದರಲ್ಲಿ ಆಶ್ಚರ್ಯವೇನು?

ಸುವಾರ್ತೆಗಳಲ್ಲೂ ಆಗಿರೋದು ಹೆಚ್ಚುಕಮ್ಮಿ ಇದೇ. ಹೆಚ್ಚಿನ ವಿದ್ವಾಂಸರ ಪ್ರಕಾರ ಮೊದಲು ಬರೆದದ್ದು ಮಾರ್ಕ, ರೋಮನ್ನರು ಜೆರುಸಲೇಮಿನ ದೇವಾಲಯ ಕೆಡವಿದ ಕ್ರಿ.ಶ. 70ರ ಆಸುಪಾಸಿನಲ್ಲಿ. ಮತ್ತಾಯ, ಲೂಕ ಇಬ್ಬರೂ ಅದನ್ನು ಮುಂದಿಟ್ಟುಕೊಂಡೇ ಬರೆದರು, ಆದರೆ ತಮ್ಮ ಕೇಳುಗರಿಗೆ ಬೇಕಾದಂತೆ ತಿದ್ದಿದರು. ಮತ್ತಾಯನ ಕೇಳುಗರು ಯಹೂದಿ ಹಿನ್ನೆಲೆಯವರು, ಹಾಗಾಗಿ ಅವನು ಯೇಸುವಿನ ವಂಶಾವಳಿಯನ್ನು ಅವರ ಮೂಲಪುರುಷ ಅಬ್ರಹಾಮನಿಂದ ಶುರು ಮಾಡ್ತಾನೆ. ಲೂಕ ಅದನ್ನು ಮೊದಲ ಮನುಷ್ಯ ಆದಾಮನವರೆಗೆ ಒಯ್ಯುತ್ತಾನೆ. ಅಂದರೆ ಯೇಸು ಎಲ್ಲರಿಗೂ ಸೇರಿದವನು. ಮಾರ್ಕನ ಯೇಸು ದೇವರೇ ಕೈಬಿಟ್ಟನೆಂದು ಕೂಗಿ ಸಾಯುತ್ತಾನೆ, ಲೂಕನ ಯೇಸು ಶಾಂತವಾಗಿ ಪ್ರಾಣವನ್ನು ತಂದೆಗೆ ಒಪ್ಪಿಸುತ್ತಾನೆ.

ನಾಲ್ಕನ್ನೂ ಸೇರಿಸಿ ಒಂದೇ ಮಾಡಬಹುದಿತ್ತಲ್ಲ? ಆ ಪ್ರಯತ್ನವೂ ಆಗಿದೆ! ಸುಮಾರು ಕ್ರಿ.ಶ. 170ರಲ್ಲಿ ತಾತಿಯಾನ್ ಎಂಬುವವನು ನಾಲ್ಕನ್ನೂ ಹೆಣೆದು 'ದಿಯತೆಸ್ಸರೋನ್' ಎಂಬ ಒಂದೇ ಪುಸ್ತಕ ಮಾಡಿದ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ ನಾಲ್ಕು ವರ್ಶನ್‌ಗಳ ಮರ್ಜ್. ಸಿರಿಯಾ ಕಡೆಯ ಚರ್ಚುಗಳಲ್ಲಿ ಅದು ಇನ್ನೂರು ವರ್ಷಕ್ಕೂ ಹೆಚ್ಚು ನಡೆಯಿತು. ಆದರೆ ಅದರಲ್ಲಿ ವಂಶಾವಳಿಗಳೇ ಇರಲಿಲ್ಲ. ಯಾರು ಯಾರಿಗಾಗಿ ಕಥೆ ಹೇಳ್ತಿದ್ದಾರೆ ಅಂತ ಸ್ಪಷ್ಟವಾಗಿ ಕಾಣುತ್ತಿದ್ದ ಜಾಗವೇ ಹೋಯಿತು. ಐದನೇ ಶತಮಾನದಲ್ಲಿ ಥಿಯೊಡೊರೆಟ್ ಎಂಬ ಬಿಷಪ್ ಇನ್ನೂರಕ್ಕೂ ಹೆಚ್ಚು ಪ್ರತಿಗಳನ್ನು ತೆಗೆಸಿ, ಬೇರೆ ಬೇರೆಯಾದ ನಾಲ್ಕು ಸುವಾರ್ತೆಗಳನ್ನೇ ಮತ್ತೆ ತಂದ.

ಹಾಗಂತ ನಾಲ್ಕೂ ಅಕ್ಷರಶಃ ನಡೆದದ್ದು ಅಂತಲ್ಲ. ಯಾವ ಘಟನೆ ಯಾವಾಗ ನಡೆಯಿತು ಅಂತ ಇತಿಹಾಸಕಾರ ಕೇಳಲೇಬೇಕು. ಆದರೆ ವ್ಯತ್ಯಾಸ ಕಂಡ ತಕ್ಷಣ ಸುಳ್ಳು ಅಂದುಬಿಟ್ಟರೆ ಕಥೆ ಹೇಳಿದವರೂ ಕೇಳಿದವರೂ ಇಬ್ಬರೂ ಅಳಿಸಿಹೋಗ್ತಾರೆ. ಬಸವಪುರಾಣ ಒಂದೇ ಸಾಕು ಅಂದಿದ್ದರೆ ಕಲ್ಯಾಣದ ತಿಪ್ಪೆ ನಮಗೆ ಕಾಣ್ತಾನೇ ಇರಲಿಲ್ಲ.

ನಿಮ್ಮೂರಿನ ನೀಲಗಾರರು ಹಲಗೂರಿನ ಕಥೆಯನ್ನು ಬೇರೆ ಥರ ಹಾಡ್ತಾರಾ? ಗೊತ್ತಿದ್ದರೆ ದಯವಿಟ್ಟು ತಿಳಿಸಿ.