ಗ್ರಹಣದ ಹೊತ್ತಿನಲ್ಲಿ ಗರ್ಭಿಣಿ ತರಕಾರಿ ಹೆಚ್ಚಿದರೆ ಮಗುವಿಗೆ ಸೀಳು ತುಟಿ ಬರುತ್ತದೆಯೇ?

ಗ್ರಹಣ ಹತ್ತಿರ ಬಂತೆಂದರೆ ಈ ಎಚ್ಚರಿಕೆ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಓದುಗರಿಗೂ ಇದು ಹೊಸತಲ್ಲ. ಫಾರ್ವರ್ಡ್ ಮಾಡುವ ಮುನ್ನ ನಿಜ ಏನೆಂದು ನೋಡೋಣ.

ಹೇಳಿಕೆ: ಗ್ರಹಣದಲ್ಲಿ ಗರ್ಭಿಣಿ ಚಾಕು, ಕತ್ತರಿ ಮುಟ್ಟಿದರೆ ಮಗುವಿನ ತುಟಿ ಸೀಳುತ್ತದೆ.

ವಾಸ್ತವ: ಸುಳ್ಳು. ಮೇಲ್ತುಟಿ ಕೂಡಿಕೊಳ್ಳುವುದು ಗರ್ಭದ 4ರಿಂದ 7ನೇ ವಾರದಲ್ಲಿ, ಅಂಗುಳ 6ರಿಂದ 9ನೇ ವಾರದಲ್ಲಿ. ಎರಡು ಬದಿಯ ಅಂಗಾಂಶ ಪೂರ್ತಿ ಬೆಸೆದುಕೊಳ್ಳದಿದ್ದರೆ ಸೀಳು ಉಳಿಯುತ್ತದೆ. ಒಮ್ಮೆ ಕೂಡಿದ ತುಟಿಯನ್ನು ಏಳನೇ ತಿಂಗಳಲ್ಲಿ ಹಿಡಿದ ಚಾಕು ಸೀಳಲಾರದು. ಗ್ರಹಣವೇ ಇಲ್ಲದ ದೇಶ, ತಿಂಗಳುಗಳಲ್ಲೂ ಇಂಥ ಮಕ್ಕಳು ಹುಟ್ಟುತ್ತಾರೆ. ಜಗತ್ತಿನಲ್ಲಿ ಸುಮಾರು 700 ಮಕ್ಕಳಿಗೆ ಒಬ್ಬರಂತೆ.

ಹಾಗಾದರೆ ಕಾರಣ ಏನು?

ಹೆಚ್ಚಿನವರಲ್ಲಿ ಒಂದೇ ಕಾರಣ ಇರುವುದಿಲ್ಲ. ಹಲವು ವಂಶವಾಹಿಗಳ ಸಣ್ಣ ವ್ಯತ್ಯಾಸಗಳೂ ಹೊರಗಿನ ಅಂಶಗಳೂ ಸೇರಿ ಹೀಗಾಗುತ್ತದೆ. ತಂದೆ, ತಾಯಿ ಅಥವಾ ಮೊದಲ ಮಗುವಿಗೆ ಸೀಳು ಇದ್ದರೆ ಮುಂದಿನ ಮಗುವಿಗೆ ಬರುವ ಸಾಧ್ಯತೆ ಸುಮಾರು 100ಕ್ಕೆ 2ರಿಂದ 5. ಅಂದರೆ 95ಕ್ಕೂ ಹೆಚ್ಚು ಬಾರಿ ಬರುವುದಿಲ್ಲ.

ಐಆರ್‌ಎಫ್6 ಎಂಬ ವಂಶವಾಹಿಯ ದೋಷದಿಂದ ಬರುವ ವಾನ್ ಡರ್ ವೌಡ್ ಸಿಂಡ್ರೋಮ್ ಮಾತ್ರ ಬೇರೆ. ಇದರಲ್ಲಿ ಕೆಳತುಟಿಯಲ್ಲಿ ಸಣ್ಣ ಗುಳಿಗಳಿರುತ್ತವೆ. ದೋಷವು ಮಗುವಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಮನೆಯಲ್ಲಿ ಯಾರಿಗಾದರೂ ಇಂಥ ಗುಳಿ ಇದ್ದರೆ ವೈದ್ಯರಿಗೆ ಹೇಳಿ.

ಸೋದರಮಾವ, ಅತ್ತೆಯ ಮಗನಂಥ ರಕ್ತಸಂಬಂಧದ ಮದುವೆಯಲ್ಲಿ ಅಪಾಯ ಹೆಚ್ಚು ಎಂದು ಹಲವು ಅಧ್ಯಯನಗಳು ಕಂಡಿವೆ. ಧೂಮಪಾನ, ಗರ್ಭಕ್ಕೆ ಮೊದಲೇ ಇರುವ ಸಕ್ಕರೆ ಕಾಯಿಲೆ, ವಾಲ್‌ಪ್ರೊಯೇಟ್‌ನಂಥ ಕೆಲವು ಮೂರ್ಛೆರೋಗದ ಮಾತ್ರೆಗಳೂ ಅಪಾಯ ಹೆಚ್ಚಿಸುತ್ತವೆ. ಆದರೆ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.

ಏನು ಮಾಡಬೇಕು?

ಅಂಗುಳ ಸೀಳಿದ ಮಗುವಿಗೆ ಮೊಲೆ ಚೀಪಲು ಕಷ್ಟ, ತೂಕ ಇಳಿಯುತ್ತದೆ. ಆದ್ದರಿಂದ ಮೊದಲ ದಿನಗಳಲ್ಲೇ ಹಾಲುಣಿಸುವ ಕ್ರಮ ಕಲಿಯಬೇಕು. ಸಾಮಾನ್ಯವಾಗಿ ತುಟಿಗೆ 3ರಿಂದ 6 ತಿಂಗಳಲ್ಲಿ, ಅಂಗುಳಕ್ಕೆ 9ರಿಂದ 18 ತಿಂಗಳಲ್ಲಿ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ತಡವಾದರೆ ಮಾತು ಸ್ಪಷ್ಟವಾಗುವುದು ಕಷ್ಟ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೀಳು ತುಟಿ, ಅಂಗುಳಕ್ಕೆ ಉಚಿತ ಚಿಕಿತ್ಸೆ ಇದೆ. ಆಶಾ ಕಾರ್ಯಕರ್ತೆ ಅಥವಾ ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ.

ನಮ್ಮ ತೀರ್ಮಾನ: ಗ್ರಹಣಕ್ಕೂ ಸೀಳು ತುಟಿಗೂ ಸಂಬಂಧವಿಲ್ಲ. ಬಾಣಂತಿಯನ್ನು ದೂರಬೇಡಿ, ಮಗುವನ್ನು ಆಸ್ಪತ್ರೆಗೆ ತೋರಿಸಿ. ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.