ಗ್ರೆಪ್ ಹೊಡಿ, ಮಗಾ!

ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳ ಕನ್ನಡದಲ್ಲಿ ಕ್ರಿಯಾಪದ ಹುಟ್ಟಿಸುವುದು ಕಷ್ಟದ ಕೆಲಸವಲ್ಲ. ಇಂಗ್ಲಿಷ್ ಪದವೊಂದರ ಬೆನ್ನಿಗೆ ‘ಮಾಡು’, ‘ಹಾಕು’, ‘ಹೊಡಿ’, ‘ಆಗು’ ಅಂಟಿಸಿದರೆ ಮುಗಿಯಿತು. ಮರ್ಜ್ ಮಾಡು, ಬಿಲ್ಡ್ ಹಾಕು, ಪಿಂಗ್ ಹೊಡಿ, ಕ್ರ್ಯಾಶ್ ಆಯ್ತು. ಈ ಸಾಲಿನಲ್ಲಿ ‘ಗ್ರೆಪ್ ಹೊಡಿ’ ಮಾತ್ರ ಬೇರೆ ಜಾತಿಯದು. ಉಳಿದ ಪದಗಳಿಗೆ ಕಂಪ್ಯೂಟರ್ ಬರುವ ಮೊದಲೂ ಅರ್ಥವಿತ್ತು, ಮನೆತನವಿತ್ತು. ಗ್ರೆಪ್‌ಗೆ ಅಂಥದ್ದೇನೂ ಇರಲಿಲ್ಲ. ಕೀಲಿಮಣೆಯ ಮೇಲೆ ಹುಟ್ಟಿ, ಬಾಯಿಗೆ ಬಂದು, ಕೊನೆಗೆ ನಿಘಂಟಿಗೆ ಏರಿದ ಪದ ಇದು.

ಕಡತಗಳ ರಾಶಿಯೊಳಗೆ ನೀವು ಕೊಟ್ಟ ಅಕ್ಷರಗಳು ಎಲ್ಲೆಲ್ಲಿ ಇವೆಯೋ ಆ ಸಾಲುಗಳನ್ನು ಹೆಕ್ಕಿ ಮುಂದಿಡುವುದು ಗ್ರೆಪ್ ಎಂಬ ಕಮಾಂಡಿನ ಕೆಲಸ. ಅಷ್ಟೇ. ಇದರ ಮೂಲ ಅಮೆರಿಕದ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್. ಅಲ್ಲಿ ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ ‘ಎಡ್’ ಎಂಬ ಸಂಪಾದಕ ತಂತ್ರಾಂಶವನ್ನೂ ಬರೆದಿದ್ದರು. ಮಹಾ ಮಿತಭಾಷಿ ತಂತ್ರಾಂಶ ಅದು. ತಪ್ಪಾದರೆ ಒಂದು ಪ್ರಶ್ನಾರ್ಥಕ ಚಿಹ್ನೆ ತೋರಿಸಿ ಸುಮ್ಮನಾಗುತ್ತಿತ್ತು. ಅದರಲ್ಲಿ ‘ಜಿ’ ಒತ್ತಿ, ಎರಡು ಓರೆಗೆರೆಗಳ ನಡುವೆ ಬೇಕಾದ ವಿನ್ಯಾಸ ಬರೆದು, ಕೊನೆಗೆ ‘ಪಿ’ ಒತ್ತಿದರೆ ಆ ವಿನ್ಯಾಸವಿರುವ ಸಾಲುಗಳೆಲ್ಲ ಬರುತ್ತಿದ್ದವು. ‘ಜಿ’ ಎಂದರೆ ಗ್ಲೋಬಲ್, ಕಡತದ ಉದ್ದಕ್ಕೂ. ನಡುವಿನದು ರೆಗ್ಯುಲರ್ ಎಕ್ಸ್‌ಪ್ರೆಶನ್, ಚಿಕ್ಕದಾಗಿ ‘ಆರ್‌ಇ’. ಅದು 1950ರ ದಶಕದಲ್ಲಿ ತರ್ಕಶಾಸ್ತ್ರಜ್ಞ ಸ್ಟೀಫನ್ ಕ್ಲೀನಿ ಕೊಟ್ಟ ಗಣಿತದ ಕಲ್ಪನೆ. ಅದನ್ನು ಹುಡುಕಾಟಕ್ಕೆ ಹೂಡುವ ವಿಧಾನವನ್ನು ಥಾಂಪ್ಸನ್ 1968ರಲ್ಲೇ ಪ್ರಕಟಿಸಿದ್ದರು. ‘ಪಿ’ ಎಂದರೆ ಪ್ರಿಂಟ್. ಆಗ ಅದು ನಿಜಕ್ಕೂ ಪ್ರಿಂಟೇ ಆಗಿತ್ತು, ಉತ್ತರ ಬರುತ್ತಿದ್ದುದು ಟೆಲಿಟೈಪ್ ಯಂತ್ರದ ಕಾಗದದ ಸುರುಳಿಯ ಮೇಲೆ. ಓರೆಗೆರೆಗಳನ್ನು ಅಳಿಸಿ ಒಂದೇ ಉಸಿರಿಗೆ ಓದಿದರೆ, ಗ್ರೆಪ್.

ಅದು ಎಡ್‌ನಿಂದ ಹೊರಬಂದು ಸ್ವತಂತ್ರ ಕಮಾಂಡ್ ಆದದ್ದರ ಕತೆಯನ್ನು ಆಗ ಬೆಲ್ ಲ್ಯಾಬ್ಸ್‌ನಲ್ಲೇ ಇದ್ದ ಬ್ರಯಾನ್ ಕರ್ನಿಗನ್ ಹೇಳುತ್ತಾರೆ. ಸಹೋದ್ಯೋಗಿ ಲೀ ಮೆಕ್‌ಮಾಹನ್‌ಗೆ ‘ಫೆಡರಲಿಸ್ಟ್ ಪೇಪರ್ಸ್’ ಎಂಬ ಹದಿನೆಂಟನೇ ಶತಮಾನದ 85 ರಾಜಕೀಯ ಪ್ರಬಂಧಗಳಲ್ಲಿ ಪದಗಳನ್ನು ಹುಡುಕಬೇಕಿತ್ತು. ಅಷ್ಟು ದೊಡ್ಡ ಪಠ್ಯ ಆ ಕಾಲದ ಯಂತ್ರದಲ್ಲಿ ಎಡ್‌ನೊಳಗೆ ಹಿಡಿಸಲಿಲ್ಲ. ಥಾಂಪ್ಸನ್ ರಾತ್ರಿ ಬೆಳಗಾಗುವುದರೊಳಗೆ ಹುಡುಕುವ ಭಾಗವನ್ನಷ್ಟೇ ಬೇರ್ಪಡಿಸಿ ತಂದುಕೊಟ್ಟರಂತೆ. ಅದು ಮೊದಲೇ ನನ್ನ ಸ್ವಂತ ಬಳಕೆಗೆ ಇತ್ತು, ಆಮೇಲೆ ಊರಿಗೆ ಕೊಟ್ಟೆ ಎನ್ನುವುದು ಥಾಂಪ್ಸನ್ ಮಾತು. ಹೇಗೇ ಇರಲಿ, 1973ರ ನವೆಂಬರಿನ ಯುನಿಕ್ಸ್ ಕೈಪಿಡಿಯಲ್ಲಿ ಗ್ರೆಪ್ ಇದೆ.

ಮುಂದೆ ಪದಕ್ಕೆ ಸಂಸಾರ ಬೆಳೆಯಿತು. ಅದೇ ಬೆಲ್ ಲ್ಯಾಬ್ಸ್‌ನ ಆಲ್ಫ್ರೆಡ್ ಆಹೊ ‘ಈಗ್ರೆಪ್’, ‘ಎಫ್‌ಗ್ರೆಪ್’ ಬರೆದರು. ಒತ್ತಿ ಕುಗ್ಗಿಸಿದ ಕಡತಕ್ಕೆ ‘ಜೆಡ್‌ಗ್ರೆಪ್’, ಓಡುತ್ತಿರುವ ಪ್ರೋಗ್ರಾಮುಗಳಿಗೆ ‘ಪಿಗ್ರೆಪ್’ ಬಂದವು. ಹ್ಯಾಕರ್‌ಗಳ ಆಡುಮಾತಿನ ಕೋಶವಾದ ‘ಜಾರ್ಗನ್ ಫೈಲ್’ನಲ್ಲಿ ‘ವಿಗ್ರೆಪ್’ ಕೂಡ ಇದೆ. ಅಲ್ಲಿ ಅದು ಯಾವ ಕಮಾಂಡಿನ ಹೆಸರೂ ಅಲ್ಲ. ಬರಿಗಣ್ಣಿನಲ್ಲಿ ಓದುತ್ತ ಹುಡುಕುವುದಕ್ಕೆ ಆ ಹೆಸರು! ಮನುಷ್ಯರು ಸಾವಿರಾರು ವರ್ಷದಿಂದ ಮಾಡಿಕೊಂಡು ಬಂದ ಕೆಲಸಕ್ಕೆ ಕಂಪ್ಯೂಟರಿನಿಂದ ಹೆಸರು ಎರವಲು ತಂದಿದ್ದಾರೆ. 2003ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಗ್ರೆಪ್ ಅನ್ನು ನಾಮಪದವಾಗಿಯೂ ಕ್ರಿಯಾಪದವಾಗಿಯೂ ಒಳಗೆ ಕರೆದುಕೊಂಡಿತು.

ಇಷ್ಟೆಲ್ಲ ಮರ್ಯಾದೆ ಇದ್ದರೂ ಚಹಾದ ಹೊತ್ತಿನಲ್ಲಿ ಗ್ರೆಪ್ ಎಂದರೆ ಕಾಲೆಳೆಯುವ ವಿಷಯವೇ. ಒಬ್ಬ ಶುರುಮಾಡುತ್ತಾನೆ: ‘ನಿನ್ನ ಐಡಿಇ ಇಂಡೆಕ್ಸ್ ಮಾಡಿ ಮುಗಿಸೋ ಅಷ್ಟರಲ್ಲಿ ನಾನು ಗ್ರೆಪ್ ಹೊಡ್ದು, ಫಿಕ್ಸ್ ಮಾಡಿ, ಇಲ್ಲಿ ಎರಡನೇ ಟೀ ಹೇಳಿರ್ತೀನಿ ಮಗಾ.’ ಇನ್ನೊಬ್ಬನ ಉತ್ತರ ಸಿದ್ಧ: ‘ಗೊತ್ತು ಗುರು. ಇನ್ನೂರು ಸಾಲು ಬರುತ್ತೆ, ನೂರೆಂಬತ್ತು ಬರೀ ಕಾಮೆಂಟು. ಓದ್ತಾ ಕೂತ್ಕೊ, ಟೀ ಆರಿಹೋಗುತ್ತೆ.’

ಇಬ್ಬರ ಮಾತಿನಲ್ಲೂ ಹುರುಳಿದೆ. ಐಡಿಇ ಎಂದರೆ ಕೋಡ್ ಬರೆಯಲು, ಹುಡುಕಲು, ಓಡಿಸಲು ಬೇಕಾದದ್ದನ್ನೆಲ್ಲ ಒಂದೇ ಕಡೆ ಕೊಡುವ ತಂತ್ರಾಂಶ. ಅದಕ್ಕೆ ಪ್ರೋಗ್ರಾಮಿಂಗ್ ಭಾಷೆಯ ವ್ಯಾಕರಣ ಗೊತ್ತು. ಒಂದೇ ಹೆಸರಿನ ಎರಡು ಫಂಕ್ಷನ್‌ಗಳಲ್ಲಿ ಇಲ್ಲಿ ಕರೆದದ್ದು ಯಾವುದನ್ನು ಎಂದು ಅದು ಹೇಳಬಲ್ಲದು. ಹೆಸರು ಬದಲಿಸಿದರೆ ಕರೆದ ಕಡೆಯೆಲ್ಲ ತಾನೇ ತಿದ್ದಬಲ್ಲದು. ದೊಡ್ಡ ಯೋಜನೆಯಲ್ಲಿ ಅದನ್ನು ಬಿಟ್ಟು ದುಡಿಯುತ್ತೇನೆ ಎನ್ನುವುದು ಬರಿಯ ಹಟ. ಗ್ರೆಪ್‌ಗೆ ವ್ಯಾಕರಣವೇ ಗೊತ್ತಿಲ್ಲ, ಸಾಲುಗಳಷ್ಟೇ ಗೊತ್ತು. ಹಾಗೆಂದೇ ಅದು ಕೋಡಿಗೂ ಲಾಗಿಗೂ ಕಾನ್ಫಿಗ್ ಕಡತಕ್ಕೂ ಯಾರೋ ಬರೆದಿಟ್ಟ ಟಿಪ್ಪಣಿಗೂ ಭೇದ ಮಾಡುವುದಿಲ್ಲ. ನಡುರಾತ್ರಿ ಸರ್ವರ್ ಕೈಕೊಟ್ಟಾಗ, ಐಡಿಇ ಇಲ್ಲದ ಯಂತ್ರದಲ್ಲಿ ದೋಷದ ಸಂದೇಶ ಹುಡುಕಬೇಕಾದವನಿಗೆ ಈ ನಿರಕ್ಷರಿಯೇ ಗತಿ. ತಮಾಷೆಯೆಂದರೆ, ಐಡಿಇ ಪಕ್ಷದವರು ನೆಚ್ಚುವ ವಿಎಸ್ ಕೋಡ್ ತನ್ನ ಹುಡುಕುಪೆಟ್ಟಿಗೆಯ ಹಿಂದೆ ಓಡಿಸುವುದು ‘ರಿಪ್‌ಗ್ರೆಪ್’ ಎಂಬ ಇದೇ ವಂಶದ ಕುಡಿಯನ್ನು. ಕೋಡ್ ಬರೆಯುವ ಎಐ ಸಹಾಯಕಗಳಲ್ಲಿಯೂ ಹಲವು, ಹೊಸ ಯೋಜನೆಯೊಳಗೆ ಕಾಲಿಟ್ಟೊಡನೆ ಮಾಡುವ ಕೆಲಸ ಗ್ರೆಪ್ ಹೊಡೆಯುವುದೇ.

ಕನ್ನಡ ಪಠ್ಯದ ಮೇಲೆ ಗ್ರೆಪ್ ಓಡಿಸಿದರೆ ಅದರ ಸ್ವಭಾವ ಇನ್ನೂ ಚೆನ್ನಾಗಿ ತಿಳಿಯುತ್ತದೆ. ‘ಮರ’ ಎಂದು ಹುಡುಕಿ. ಮರದ ಜೊತೆಗೆ ಅಮರ, ಮರಣ, ಸಮರ ಬರುತ್ತವೆ. ಯುನಿಕೋಡ್‌ನಲ್ಲಿ ಸ್ವರಚಿಹ್ನೆಯು ವ್ಯಂಜನದ ನಂತರ ಪ್ರತ್ಯೇಕ ಸಂಕೇತವಾಗಿ ಕೂರುವುದರಿಂದ ಮರೆವು, ಮರುದಿನಗಳೂ ಹಿಂದೆಯೇ ಬರುತ್ತವೆ. ಚಾಮರಾಜಪೇಟೆಯೂ ಬಂದು ನಿಲ್ಲುತ್ತದೆ. ಅದೇ ‘ಊರು’ ಎಂದು ಹುಡುಕಿದರೆ ಊರಿಗೆ, ಊರಲ್ಲಿ, ಊರಿನವರು ಒಬ್ಬರೂ ಸಿಗುವುದಿಲ್ಲ. ಯುನಿಕೋಡಿಗೆ ಮುಂಚಿನ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿಟ್ಟ ಕಡತವಾದರಂತೂ ಕಣ್ಣಿಗೆ ಅಚ್ಚಗನ್ನಡ, ಗ್ರೆಪ್‌ಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಗ್ರೆಪ್ ಕೇಳಿದ್ದನ್ನು ಕೇಳಿದಂತೆಯೇ ತರುತ್ತದೆ. ಕೇಳುವುದು ಹೇಗೆಂದು ತಿಳಿದಿರಬೇಕಾದವರು ನಾವು, ಬಂದದ್ದರಲ್ಲಿ ಕಾಳು ಯಾವುದು ಜೊಳ್ಳು ಯಾವುದು ಎಂದು ಕೇರಬೇಕಾದವರೂ ನಾವೇ.

ಪದ ಬೇರೂರಿದ್ದು ಈ ಕಾರಣಕ್ಕೆ ಎನ್ನುವುದು ನನ್ನ ಅನಿಸಿಕೆ. ನಮ್ಮ ಪರವಾಗಿ ಯೋಚಿಸುವ ಸಾಧನ ಎಷ್ಟೇ ಜಾಣವಾದರೂ ಅದರ ಹೆಸರು ಹೆಸರಾಗಿಯೇ ಉಳಿಯುತ್ತದೆ. ‘ಐಡಿಇ ಹೊಡಿ’ ಎಂದು ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ನಮ್ಮ ಕೈಯ ಚಲನೆಗೆ ಅಂಟಿಕೊಂಡ ಸಾಧನ ಕ್ರಿಯಾಪದವಾಗುತ್ತದೆ. ಅಂಟಿಕೊಂಡದ್ದನ್ನು ಬಿಡಿಸಲು ಹೋದರೆ ಸಿಟ್ಟೂ ಬರುತ್ತದೆ. 2022ರಲ್ಲಿ ಗ್ನೂ ಗ್ರೆಪ್‌ನ 3.8ನೇ ಆವೃತ್ತಿಯು, ‘ಈಗ್ರೆಪ್’ ಎಂಬ ಹೆಸರು ಹಳತಾಯಿತು, ‘ಗ್ರೆಪ್’ಗೆ ‘-E’ ಸೇರಿಸಿ ಬಳಸಿ ಎಂದು ಎಚ್ಚರಿಸತೊಡಗಿತು. ಕೆಲಸ ಅದೇ, ಫಲ ಅದೇ. ಆದರೂ ದಶಕಗಳಿಂದ ಆ ಹೆಸರನ್ನೇ ಬೆರಳಿಗೆ ರೂಢಿಮಾಡಿಕೊಂಡವರು ಗೊಣಗದೆ ಬಿಡಲಿಲ್ಲ.

ಪದದ ಬದುಕಿನಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ್ದು ಅದು ಗುಣವಾಚಕವಾದ ಘಟ್ಟ. ‘ಈ ಹೆಸರು ಗ್ರೆಪಬಲ್ ಆಗಿಲ್ಲ’ ಎಂದು ಕೋಡ್ ಪರಿಶೀಲಿಸುವವರು ಆಕ್ಷೇಪಿಸುತ್ತಾರೆ. ಫಂಕ್ಷನ್ನಿನ ಹೆಸರನ್ನು ಎರಡು ತುಂಡು ಮಾಡಿ, ಪ್ರೋಗ್ರಾಮ್ ಓಡುವಾಗ ಜೋಡಿಸಿಕೊಂಡರೆ ನಾಳೆ ಅದನ್ನು ಹುಡುಕುವವರಿಗೆ ಸಿಗದು ಎಂಬುದು ಅದರ ಅರ್ಥ. ಲಿನಕ್ಸ್ ಕರ್ನಲ್‌ನ ಕೋಡ್ ಬರೆಯುವ ನಿಯಮಗಳಲ್ಲೂ ಇದು ಸೇರಿಕೊಂಡಿದೆ. ಉದ್ದನೆಯ ಸಾಲುಗಳನ್ನು ಒಡೆದು ಬರೆಯಿರಿ ಎನ್ನುವ ಆ ನಿಯಮಾವಳಿ, ಬಳಕೆದಾರರ ಕಣ್ಣಿಗೆ ಬೀಳುವ ಸಂದೇಶಗಳನ್ನು ಮಾತ್ರ ಒಡೆಯಬೇಡಿ ಎನ್ನುತ್ತದೆ. ಕೊಡುವ ಕಾರಣ: ಒಡೆದರೆ ಗ್ರೆಪ್‌ಗೆ ಸಿಗುವುದಿಲ್ಲ.

ಹುಡುಕಲೆಂದು ಹುಟ್ಟಿದ ಪದ ಹೀಗೆ ಬರೆಯುವವರಿಗೂ ಶಿಸ್ತು ಕಲಿಸಿತು. ಸಾಧನದ ಬೆಲೆ ಕಟ್ಟುವಾಗ ವೇಗ, ಸೌಕರ್ಯ, ಚಂದಾಹಣವನ್ನೆಲ್ಲ ಲೆಕ್ಕ ಹಾಕುತ್ತೇವೆ. ಅದನ್ನು ಬಳಸುತ್ತ ಬಳಸುತ್ತ ನಾವು ಹೇಗೆ ಬರೆಯತೊಡಗಿದೆವು ಎಂಬುದನ್ನೂ ಆ ಲೆಕ್ಕಕ್ಕೆ ಸೇರಿಸಬೇಕು. ಮುಂದೆ ಬರುವ ಅಪರಿಚಿತನ ಕೈಗೆ ಸಿಗುವಂತೆ ಹೆಸರಿಡು ಎಂದು ಕಲಿಸಿದ ಗ್ರೆಪ್‌ಗೆ ಆ ಲೆಕ್ಕದಲ್ಲಿ ಯಾವ ದುಬಾರಿ ಐಡಿಇಯೂ ಸಾಟಿಯಾಗದು.